ಸೋಚಾ, ದ್ಯುರಾನ್ಸ್, ಇನ್: ಗೆಳೆಯರ ಕಯಾಕ್ ರಜೆಗೆ ಯಾವ ನದಿ?

ಆಲ್ಪ್ಸ್ ಪರ್ವತಗಳ ನದಿಗಳಲ್ಲಿ ಕಯಾಕ್ ಇಳಿಸಲು ಹೊರಟ ಗೆಳೆಯರ ಗುಂಪು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಫೋಟೊಗಳನ್ನು ಹಂಚಿಕೊಳ್ಳುವುದು. ಒಬ್ಬನಿಗೆ ಪಚ್ಚೆ ಬಣ್ಣದ ನೀರು ಹಿಡಿಸುತ್ತದೆ, ಇನ್ನೊಬ್ಬಳಿಗೆ ಕೋಟೆಯ ಬುಡದಲ್ಲಿ ನುಗ್ಗುವ ಕೊರಕಲು. ವಾಟ್ಸ್ಆ್ಯಪ್‌ನಲ್ಲಿ ಮತದಾನ ನಡೆಯುತ್ತದೆ, ಗೆದ್ದ ನದಿಯ ಹೆಸರಿನಲ್ಲಿ ವಿಮಾನದ ಟಿಕೆಟ್ ಆಗುತ್ತದೆ. ಹೋಗಿ ನೋಡಿದರೆ ನೀರು ಮೊಣಕಾಲು ಮುಟ್ಟುವುದಿಲ್ಲ. ಇಲ್ಲವೇ ದಡದಲ್ಲಿ ನಿಂತು ನೋಡುವುದಕ್ಕೆ ಮಾತ್ರ ಯೋಗ್ಯವಾಗುವಷ್ಟು ಉಕ್ಕಿರುತ್ತದೆ.

ನದಿಯನ್ನು ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಎರಡೇ. ಎಲ್ಲರಿಗೂ ಒಟ್ಟಿಗೆ ರಜೆ ಸಿಗುವುದು ವರ್ಷದ ಯಾವ ವಾರ? ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಪಳಗಿದವರಿಗೆ ಎಷ್ಟು ಬರುತ್ತದೆ? ಗುಂಪಿನ ಹುಲಿಗೆ ಏನು ಬೇಕು ಎಂಬುದು ಮೂರನೆಯ ಪ್ರಶ್ನೆ, ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ.

ಈ ಬರಹದಲ್ಲಿ ಮುಖ್ಯವಾಗಿ ಹೋಲಿಸುತ್ತಿರುವುದು ಮೂರು ನೆಲೆಗಳನ್ನು: ಸ್ಲೊವೇನಿಯಾದ ಸೋಚಾ ಕಣಿವೆ, ಫ್ರಾನ್ಸಿನ ಬ್ರಿಯಾನ್ಸೋನ್ ಸುತ್ತಲಿನ ದ್ಯುರಾನ್ಸ್ ಮತ್ತು ಅದರ ಉಪನದಿಗಳು, ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಇನ್ ನದಿ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸಬರೂ ಹಳಬರೂ ಬೆರೆತ ಗುಂಪಿನ ಮೊದಲ ಪ್ರವಾಸವಾದರೆ ಸೋಚಾ. ಎಲ್ಲರೂ ಗಟ್ಟಿಗರಾಗಿದ್ದು ಜೂನ್ ಮಧ್ಯದ ರಜೆ ಸಿಕ್ಕರೆ ದ್ಯುರಾನ್ಸ್. ಆಗಸ್ಟ್ ಬಿಟ್ಟು ಬೇರೆ ದಾರಿಯೇ ಇಲ್ಲದವರಿಗೆ ಇನ್.

ಮೊದಲು ನೀರಿನ ಲೆಕ್ಕ

ಆಲ್ಪ್ಸ್ ನದಿಗಳಿಗೆ ನೀರು ಬರುವ ದಾರಿ ಮೂರು. ಮಳೆ ಮತ್ತು ಸುಣ್ಣಕಲ್ಲಿನ ಬುಗ್ಗೆಗಳು, ಚಳಿಗಾಲದ ಹಿಮದ ಕರಗುವಿಕೆ, ವರ್ಷಪೂರ್ತಿ ಉಳಿಯುವ ಹಿಮನದಿಗಳ ಕರಗುವಿಕೆ. ಎಲ್ಲ ನದಿಯಲ್ಲೂ ಇವು ಬೆರೆತೇ ಇರುತ್ತವೆ, ಪಾಲು ಮಾತ್ರ ಬೇರೆ. ನಿಮ್ಮ ರಜೆಯ ವಾರವನ್ನು ನಿರ್ಧರಿಸುವುದು ಈ ಪಾಲು.

ಸೋಚಾದ ಬಲ ಹಿಮ, ಮಳೆ, ಬುಗ್ಗೆಗಳದು. ಏಪ್ರಿಲ್‌ನಿಂದ ಜೂನ್‌ವರೆಗೆ ತುಂಬಿ ಹರಿದು ಆಗಸ್ಟ್ ಹೊತ್ತಿಗೆ ಮೇಲಿನ ಭಾಗ ಬಡವಾಗುತ್ತದೆ. ಕೆಳಭಾಗದಲ್ಲಿ ಆಗಲೂ ದೋಣಿ ತೇಲುವಷ್ಟು ನೀರಿರುತ್ತದೆ. ಬ್ರಿಯಾನ್ಸೋನ್ ಪ್ರದೇಶದಲ್ಲಿ ಹಿಮದ ಪಾಲು ಹೆಚ್ಚು: ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಅಬ್ಬರ, ಜುಲೈಯಲ್ಲಿ ಇಳಿತ. ಆದರೆ ಅಲ್ಲೇ ಎಕ್ರಿನ್ ಪರ್ವತ ಸಮೂಹದ ಹಿಮನದಿಗಳಿಂದ ಬರುವ ಓಂದ್, ಜಿರೋಂದ್‌ನಂಥ ತೊರೆಗಳು ಬೇಸಿಗೆಯ ನಡುವೆಯೂ ನೀರು ಹಿಡಿದುಕೊಂಡಿರುತ್ತವೆ. ಇನ್ ಮತ್ತು ಅದನ್ನು ಸೇರುವ ಓಟ್ಸ್‌ಟಾಲ್ ಕಣಿವೆಯ ನದಿ ಹಿಮನದಿಗಳ ಮಕ್ಕಳು. ಊರೆಲ್ಲ ಬೆಂದು ಬೇರೆ ನದಿಗಳು ಬಾಡಿದಾಗ ಇವು ತುಂಬುತ್ತವೆ.

ಹಿಮನದಿಯ ನೀರಿಗೆ ಗಡಿಯಾರವೂ ಇದೆ. ಮೇಲೆ ಬಿಸಿಲಿಗೆ ಕರಗಿದ ನೀರು ಕಣಿವೆಗೆ ಇಳಿಯುವುದಕ್ಕೆ ಕೆಲವು ಗಂಟೆ ಬೇಕಾದ್ದರಿಂದ ನದಿ ಏರುವುದು ಮಧ್ಯಾಹ್ನ ಕಳೆದ ಮೇಲೆ, ಸಂಜೆಗೆ. ಬೆಳಿಗ್ಗೆ ಸೌಮ್ಯವಾಗಿದ್ದ ಜಾಗಕ್ಕೆ ಸಂಜೆ ಹೋದರೆ ಗುರುತೇ ಸಿಗುವುದಿಲ್ಲ. ಅಂಥ ಕಣಿವೆಗಳಲ್ಲಿ ಕಷ್ಟದ ಭಾಗವನ್ನು ಬೆಳಿಗ್ಗೆಯೇ ಮುಗಿಸುವ ಶಿಸ್ತು ಗುಂಪಿಗೆ ಇರಬೇಕು. ತಡವಾಗಿ ಏಳುವ ಗೆಳೆಯರಿದ್ದರೆ, ಯಾವ ಗುಂಪಿನಲ್ಲಿ ಇರುವುದಿಲ್ಲ, ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಯುರೋಪಿನ ಜಲಮಾಪನ ತಾಣಗಳಲ್ಲಿ ಹರಿವನ್ನು ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಕೊಟ್ಟಿರುತ್ತಾರೆ. ಕೆಆರ್‌ಎಸ್ ಹೊರಹರಿವಿನ ಸುದ್ದಿ ಓದಿ ಬೆಳೆದ ನಮಗೆ ಕ್ಯೂಸೆಕ್ ಸಲೀಸು: ಒಂದು ಘನ ಮೀಟರ್ ಎಂದರೆ ಸುಮಾರು 35 ಕ್ಯೂಸೆಕ್. 20 ಘನ ಮೀಟರ್ ಹರಿವು ಎಂದರೆ ಕೇವಲ 700 ಕ್ಯೂಸೆಕ್. ಮಳೆಗಾಲದ ಕಾವೇರಿಯ ಲೆಕ್ಕದಲ್ಲಿ ಇದು ಏನೂ ಅಲ್ಲ ಎನಿಸಬಹುದು. ಆದರೆ ಆ 700 ಕ್ಯೂಸೆಕ್ ಬಂಡೆಗಳ ನಡುವಿನ ಕಿರಿದಾದ ಇಳಿಜಾರಿನಲ್ಲಿ ಓಡುತ್ತಿರುತ್ತದೆ, ಕೈ ಇಟ್ಟರೆ ಬೆರಳು ಮರಗಟ್ಟುವಷ್ಟು ತಣ್ಣಗೂ ಇರುತ್ತದೆ. ಅಂಕಿಯನ್ನು ನೋಡಿ ಹಗುರವಾಗಿ ಎಣಿಸಬೇಡಿ. ಒಂದೇ ಅಳತೆಯನ್ನು ಎರಡು ನದಿಗಳ ನಡುವೆ ಹೋಲಿಸಲೂ ಬೇಡಿ. ಅದೇ ನದಿಯ ನಿನ್ನೆಯ ಅಳತೆಯೊಂದಿಗೆ ಇಂದಿನದನ್ನು ಹೋಲಿಸಿ, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ.

ನದಿಯ ಕಷ್ಟವನ್ನು 1ರಿಂದ 6ರವರೆಗಿನ ಅಂತರರಾಷ್ಟ್ರೀಯ ದರ್ಜೆಗಳಲ್ಲಿ ಹೇಳುತ್ತಾರೆ. ಗೆಳೆಯರ ರಜೆಗೆ ಸಂಬಂಧಪಟ್ಟಿದ್ದು 2ರಿಂದ 4. ಮೂರನೆಯ ದರ್ಜೆಯಲ್ಲಿ ಮಗುಚಿದರೆ ನೀರಿನಲ್ಲೇ ದೋಣಿಯನ್ನು ಮತ್ತೆ ಮೇಲೆ ತಿರುಗಿಸುವ ರೋಲ್ ಬರಬೇಕು, ಈಜುಕೊಳದಲ್ಲಿ ಬಂದರೆ ಸಾಲದು. ನಾಲ್ಕನೆಯದರಲ್ಲಿ ಇಳಿದು ನೋಡಿ, ದಾರಿ ಯೋಚಿಸಿ, ಹಗ್ಗ ಹಿಡಿದ ಒಬ್ಬರನ್ನು ಕೆಳಗೆ ನಿಲ್ಲಿಸಿ ಹೋಗುವ ಅಭ್ಯಾಸ ಬೇಕು.

ಸೋಚಾ: ಒಂದೇ ನದಿಯಲ್ಲಿ ಎಲ್ಲ ತರಗತಿ

ಟ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದೊಳಗಿನ ಟ್ರೆಂಟಾ ಕಣಿವೆಯಲ್ಲಿ ಹುಟ್ಟುವ ಸೋಚಾ 138 ಕಿಲೋಮೀಟರ್ ಹರಿದು, ಇಟಲಿಯಲ್ಲಿ ಇಸೊಂಜೊ ಎನಿಸಿಕೊಂಡು ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ. ಕಯಾಕ್ ನಡೆಸುವವರಿಗೆ ಬೇಕಾದ ಭಾಗ ಬೋವೆಟ್ಸ್ ಊರಿನಿಂದ ಕೊಬಾರಿಡ್‌ವರೆಗಿನದು.

ಈ ಭಾಗದ ದೊಡ್ಡ ಗುಣ ಅದರ ಮೆಟ್ಟಿಲು ಸಾಲು. ಬೋವೆಟ್ಸ್ ಪಕ್ಕದ ಚೆಸ್‌ಸೋಚಾದಿಂದ ಸರ್ಪೆನಿತ್ಸದ ಕಡೆಗೆ ಇಳಿಯುವ ಭಾಗ ಎರಡನೆಯ ದರ್ಜೆಯ ಆಸುಪಾಸಿನದು. ಅಗಲವಾದ ಜಲ್ಲಿಕಲ್ಲಿನ ಪಾತ್ರ, ಎಡವಿದರೂ ದಡ ಸಿಗುತ್ತದೆ. ಸರ್ಪೆನಿತ್ಸದಿಂದ ಟರ್ನೊವೊವರೆಗೆ ಮೂರನೆಯ ದರ್ಜೆ, ಬಂಡೆಗಳು ದಪ್ಪವಾಗುತ್ತವೆ, ದಾರಿ ಹುಡುಕಬೇಕಾಗುತ್ತದೆ. ಟರ್ನೊವೊ ಬಳಿಯ ಸ್ಲಾಲಮ್ (ತೂಗುಬಿಟ್ಟ ಕಂಬಗಳ ನಡುವೆ ದೋಣಿ ನಡೆಸುವ ಸ್ಪರ್ಧೆ) ಭಾಗ ಇನ್ನೊಂದು ಮೆಟ್ಟಿಲು ಮೇಲೆ, ನೀರು ಹೆಚ್ಚಿದ್ದರೆ ನಾಲ್ಕು. ಅದರಾಚೆ ಕೊಬಾರಿಡ್ ಕಡೆಗಿನ ಕೊರಕಲು ಬೇರೆಯದೇ ಲೋಕ: ನಾಲ್ಕರಿಂದ ಐದು, ಮನೆ ಗಾತ್ರದ ಬಂಡೆಗಳು, ಅವುಗಳ ಅಡಿಯಲ್ಲಿ ಸೈಫನ್‌ಗಳು. ಬಂಡೆಯ ಕೆಳಗಿನ ಸಂದಿನಲ್ಲಿ ನೀರು ನುಸುಳಿ ಹೋಗುತ್ತದೆ, ಮನುಷ್ಯ ಹೋಗಲಾರ. ಹೊಕ್ಕವನನ್ನು ನೀರಿನ ಒತ್ತಡ ಹೊರಗೆ ಬಿಡುವುದಿಲ್ಲ. ಅಲ್ಲಿಗೆ ಚೆನ್ನಾಗಿ ಬಲ್ಲವರ ಜೊತೆಯಲ್ಲಲ್ಲದೆ ಇಳಿಯಲೇಬಾರದು.

ಗುಂಪಿನ ದೃಷ್ಟಿಯಿಂದ ನೋಡಿ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸರ್ಪೆನಿತ್ಸದಲ್ಲಿ ನೀರಿಗಿಳಿಯಬಹುದು. ಸಾಕೆನಿಸಿದವರು ನಡುವೆ ದಡಕ್ಕೆ ಬಂದು ಬೂಟು ಒಣಗಿಸಿಕೊಳ್ಳುತ್ತಾರೆ, ಉಳಿದವರು ಟರ್ನೊವೊಗೆ ಮುಂದುವರಿಯುತ್ತಾರೆ. ರಸ್ತೆ ನದಿಯ ಪಕ್ಕದಲ್ಲೇ ಇರುವುದರಿಂದ ನೀರಿಗಿಳಿದ ಜಾಗದಿಂದ ದಡ ಹತ್ತುವ ಜಾಗಕ್ಕೆ ಕಾರು ಸಾಗಿಸುವ ಕೆಲಸ ಕೆಲವೇ ನಿಮಿಷದ್ದು. ಯಾರನ್ನೂ ಬಿಟ್ಟುಹೋಗದೆ, ಯಾರನ್ನೂ ಎಳೆದುಕೊಂಡು ಹೋಗದೆ ದಿನ ಕಳೆಯಬಹುದಾದ ಇಂಥ ನದಿ ಆಲ್ಪ್ಸ್‌ನಲ್ಲಿ ಅಪರೂಪ. ಬಣ್ಣದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಫೋಟೊಗಳು ಸುಳ್ಳು ಹೇಳಿಲ್ಲ.

ಕಿರಿಕಿರಿಗಳೂ ಇವೆ. ಸೋಚಾ ಮತ್ತು ಅದರ ಉಪನದಿ ಕೊರಿತ್ನಿತ್ಸದಲ್ಲಿ ದೋಣಿ ಇಳಿಸಲು ದಿನದ ಲೆಕ್ಕದ ಪರವಾನಗಿ ಕೊಳ್ಳಬೇಕು. ನೀರಿಗಿಳಿಯುವ, ಏರುವ ಜಾಗಗಳು ಗೊತ್ತುಮಾಡಿದವು, ಬೇರೆಡೆ ಇಳಿಯುವಂತಿಲ್ಲ. ಮಾರ್ಚ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ, ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ ಅವಕಾಶ. ಈ ನದಿಯಲ್ಲಿ ಅಮೃತಶಿಲೆಯಂಥ ಗೆರೆಗಳ ಟ್ರೌಟ್ ಮೀನಿನ ತಳಿಯೊಂದಿದೆ, ಅದನ್ನು ಅರಸಿ ಗಾಳ ಹಾಕುವವರು ದೂರದಿಂದ ಬರುತ್ತಾರೆ. ನದಿಯನ್ನು ಅವರೊಂದಿಗೆ ಹಂಚಿಕೊಳ್ಳಬೇಕು. ಪರವಾನಗಿ ಕೇಳುವವರು ದಡದಲ್ಲಿ ನಿಜವಾಗಿಯೂ ಎದುರಾಗುತ್ತಾರೆ, ಆದ್ದರಿಂದ ಉಳಿತಾಯದ ಯೋಚನೆ ಬೇಡ. ಜುಲೈ, ಆಗಸ್ಟ್‌ನಲ್ಲಿ ರಾಫ್ಟ್‌ಗಳ ಮೆರವಣಿಗೆಯೇ ಇರುತ್ತದೆ. ಬಂಡೆಯ ಹಿಂದಿನ ಸಣ್ಣ ಶಾಂತ ನೀರಿನಲ್ಲಿ ನೀವು ಉಸಿರು ಸುಧಾರಿಸಿಕೊಳ್ಳುತ್ತಿರುವಾಗ ಎಂಟು ಜನರ ರಬ್ಬರ್ ದೋಣಿ ಮೈಮೇಲೆ ಬರುವುದು ಅಲ್ಲಿ ವಿಶೇಷವಲ್ಲ.

ಕಯಾಕ್ ಮಾಡದ ಸಂಗಾತಿಗಳು ಜೊತೆಗಿದ್ದರೆ ಸೋಚಾದ ಅಂಕ ಇನ್ನೂ ಏರುತ್ತದೆ. ಬೋವೆಟ್ಸ್‌ನ ಹತ್ತಿರದಲ್ಲೇ ಬೋಕಾ ಜಲಪಾತ, ಕೊಬಾರಿಡ್ ಬಳಿ ಕೋಜ್ಯಾಕ್ ಜಲಪಾತ. 1915ರಿಂದ 1917ರವರೆಗೆ ಇದೇ ಕಣಿವೆಯುದ್ದಕ್ಕೂ ಇಟಲಿ ಮತ್ತು ಆಸ್ಟ್ರಿಯಾ-ಹಂಗೆರಿ ಸೇನೆಗಳ ನಡುವೆ 12 ಕದನಗಳು ನಡೆದವು. ಕೊಬಾರಿಡ್‌ನ ಯುದ್ಧ ವಸ್ತುಸಂಗ್ರಹಾಲಯ ಒಂದು ಮಳೆಯ ದಿನಕ್ಕೆ ಸರಿಯಾದ ಜಾಗ. ಕ್ರಾನ್ಸ್ಕಾ ಗೋರಾದಿಂದ ಬರುವವರು 1,611 ಮೀಟರ್ ಎತ್ತರದ ವೃಶಿಚ್ ಕಣಿವೆದಾರಿಯನ್ನು ದಾಟುತ್ತಾರೆ. ಮೊದಲ ಮಹಾಯುದ್ಧದಲ್ಲಿ ರಷ್ಯದ ಯುದ್ಧಕೈದಿಗಳನ್ನು ದುಡಿಸಿ ಮಾಡಿಸಿದ ರಸ್ತೆ ಅದು, 50 ಹಿಮ್ಮುರಿ ತಿರುವುಗಳಿವೆ. ಚಾವಣಿಯ ಮೇಲೆ ನಾಲ್ಕು ಕಯಾಕ್ ಕಟ್ಟಿಕೊಂಡ ವ್ಯಾನಿಗೆ ಇಟಲಿಯ ತಾರ್ವಿಸಿಯೊ ಕಡೆಯಿಂದ ಪ್ರೆದಿಲ್ ದಾಟಿ ಬರುವುದು ಮೇಲು.

ದ್ಯುರಾನ್ಸ್: ದಿನಕ್ಕೊಂದು ನದಿ

ಬ್ರಿಯಾನ್ಸೋನ್ 1,326 ಮೀಟರ್ ಎತ್ತರದ ಊರು. ಅದರ ಮೇಲಿನ, ಫ್ರೆಂಚ್ ಸೇನಾ ಇಂಜಿನಿಯರ್ ವೋಬಾನ್ ಹೆಸರಿನ ಕೋಟೆಗಳು 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅಲ್ಲಿ ಅಥವಾ ಸ್ವಲ್ಪ ಕೆಳಗಿನ ಲಾರ್ಜಾಂತಿಯೇರ್‌ನಲ್ಲಿ ಬಿಡಾರ ಹೂಡಿದರೆ ಒಂದು ವಾರ ಪ್ರತಿದಿನವೂ ಬೇರೆ ನದಿ. ಇದೇ ದ್ಯುರಾನ್ಸ್ ಪ್ರದೇಶದ ಆಕರ್ಷಣೆ, ಇದೇ ಅದರ ತೊಡಕು ಕೂಡ.

ಬೆಚ್ಚಗೆ ಮಾಡಿಕೊಳ್ಳಲು ಸಾನ್ ಕ್ಲೆಮಾನ್‌ನಿಂದ ಆಂಬ್ರನ್‌ವರೆಗಿನ ದ್ಯುರಾನ್ಸ್ ಇದೆ. ಅಗಲವಾದ, ನೀರು ತುಂಬಿದ, ಎರಡು-ಮೂರನೆಯ ದರ್ಜೆಯ ಹರಿವು. ನಡುವೆ ರಾಬಿಯೂ ಎಂಬ ಪ್ರಸಿದ್ಧ ಅಲೆ. ಅದನ್ನು ನೋಡುವುದಕ್ಕೆಂದೇ ಜನ ದಡದಲ್ಲಿ ಕುಳಿತಿರುತ್ತಾರೆ, ಮಗುಚಿದರೆ ಚಪ್ಪಾಳೆ ಗ್ಯಾರಂಟಿ. ಸಂಕೋಚದವರು ಬದಿಯಿಂದ ಜಾರಿಹೋಗಬಹುದು.

ಅದರಾಚೆಗೆ ಆಯ್ಕೆಗಳು ತೀಕ್ಷ್ಣವಾಗುತ್ತವೆ. ಗಿಸಾನ್ ನದಿ ಲೋತಾರೆ ಕಣಿವೆದಾರಿಯ ಕಡೆಯಿಂದ ಬ್ರಿಯಾನ್ಸೋನ್‌ಗೆ ಧಾವಿಸಿ ಬರುತ್ತದೆ. ಮೂರು-ನಾಲ್ಕನೆಯ ದರ್ಜೆ ಎಂದು ಪುಸ್ತಕಗಳು ಹೇಳುತ್ತವೆ, ಆದರೆ ಹೇಳದೆ ಬಿಡುವುದು ಅದರ ಬಿಡುವಿಲ್ಲದ ಓಟವನ್ನು. ಹಿಮ ಕರಗುವ ದಿನಗಳಲ್ಲಿ ಅಲ್ಲಿ ನಿಲ್ಲಲು ಜಾಗ ಸಿಗುವುದು ಕಷ್ಟ. ಒಬ್ಬ ಮಗುಚಿ ದೋಣಿ ಬಿಟ್ಟರೆ ಆ ದೋಣಿಯನ್ನು ಬೆನ್ನಟ್ಟುವುದೇ ಅಂದಿನ ಕಾರ್ಯಕ್ರಮವಾಗುತ್ತದೆ. ರಿಷಿಕೇಶದ ಗಂಗೆಯಲ್ಲಿ ಕಲಿತವರಿಗೆ ಇದು ಹೊಸದು. ಅಲ್ಲಿ ಅಲೆ ಎಷ್ಟೇ ದೊಡ್ಡದಿದ್ದರೂ ಅದರ ಕೆಳಗೆ ಸುಧಾರಿಸಿಕೊಳ್ಳುವ ಮಡು ಇರುತ್ತದೆ; ಇಲ್ಲಿ ಇರುವುದಿಲ್ಲ. ಜಿರೋಂದ್ ಕೂಡ ಇದೇ ಸ್ವಭಾವದ್ದು, ಹಿಮನದಿಯ ನೀರು ಆದ್ದರಿಂದ ಇನ್ನೂ ತಣ್ಣಗೆ.

ಗಿಲ್ ನದಿ ಕೇರಾ ಕಣಿವೆಯದು. ಶಾತೊ ಕೇರಾ ಕೋಟೆಯ ಬುಡದಲ್ಲಿ ಅದು ಒಂದು ಸೀಳಿನೊಳಗೆ ಹೊಕ್ಕುಬಿಡುತ್ತದೆ. ಫೋಟೊಗಳಲ್ಲಿ ಎಲ್ಲರೂ ನೋಡಿದ ಜಾಗ ಅದೇ. ಒಮ್ಮೆ ಹೊಕ್ಕ ಮೇಲೆ ಗೋಡೆ ಹತ್ತಿ ಹೊರಬರುವ ದಾರಿ ಇಲ್ಲ, ಆದ್ದರಿಂದ ಒಳಗೆ ಮರ ಸಿಕ್ಕಿಕೊಂಡಿದೆಯೇ ಎಂದು ಮೇಲಿನಿಂದ ನೋಡದೆ ಇಳಿಯುವುದು ಹುಚ್ಚುತನ. ಇನ್ನೂ ದಕ್ಷಿಣಕ್ಕೆ ವಾರ್ ಕಣಿವೆದಾರಿ ದಾಟಿದರೆ ಬಾರ್ಸಲೊನೆತ್ ಊರಿನ ಯುಬಾಯ್ ನದಿ. ಅದರ ಒಂದು ಭಾಗಕ್ಕೆ ಬ್ರಿಟಿಷ್ ಕಯಾಕಿಗರು ರೇಸ್‌ಕೋರ್ಸ್ ಎಂದೇ ಹೆಸರಿಟ್ಟಿದ್ದಾರೆ. ನನ್ನ ಮಟ್ಟಿಗೆ ಇಡೀ ಪ್ರದೇಶದಲ್ಲಿ ಅತ್ಯಂತ ಖುಷಿ ಕೊಡುವ ಮೂರು-ನಾಲ್ಕನೆಯ ದರ್ಜೆಯ ನೀರು ಅಲ್ಲಿದೆ, ಅದೊಂದಕ್ಕಾಗಿ ಆ ತಿರುವುಗಳ ರಸ್ತೆಯನ್ನು ಸಹಿಸಿಕೊಳ್ಳಬಹುದು.

ಈಗ ತೊಡಕು. ಇಲ್ಲಿ ಸುಲಭದ ನೀರು ಒಂದು ಕಣಿವೆಯಲ್ಲಿ, ಕಷ್ಟದ ನೀರು ಇನ್ನೊಂದರಲ್ಲಿ. ಗುಂಪಿನ ಮಟ್ಟ ಒಂದೇ ಆಗಿಲ್ಲದಿದ್ದರೆ ಬೆಳಿಗ್ಗೆಯೇ ಎರಡು ಪಂಗಡ, ಎರಡು ವಾಹನ, ಎರಡು ಕಡೆ ಮುಂದಾಳು ಬೇಕು. ಇಲ್ಲವೆಂದರೆ ಕಡಿಮೆ ಬಲ್ಲವರು ವಾರದ ಅರ್ಧ ದಿನಗಳನ್ನು ದಡದಲ್ಲಿ ಫೋಟೊ ತೆಗೆಯುತ್ತಾ ಕಳೆಯುತ್ತಾರೆ, ಅಥವಾ ಒತ್ತಾಯಕ್ಕೆ ಗಿಸಾನ್‌ಗೆ ಇಳಿದು ಹೆದರಿ, ಮುಂದಿನ ವರ್ಷ ಬರುವುದಿಲ್ಲ ಎನ್ನುತ್ತಾರೆ. ಎರಡನ್ನೂ ಬೇರೆ ಬೇರೆ ಗುಂಪುಗಳಲ್ಲಿ ನೋಡಿದ್ದೇನೆ. ಎಲ್ಲರಿಗೂ ಹರಿಯುವ ನೀರಿನಲ್ಲಿ ನಂಬಬಹುದಾದ ರೋಲ್ ಇದ್ದರೆ ಮಾತ್ರ ಬ್ರಿಯಾನ್ಸೋನ್ ಸೋಚಾಕ್ಕಿಂತ ಮೇಲು. ಇದ್ದರೆ, ಬಹಳ ಮೇಲು.

ಇನ್ನೊಂದು ಅಪಾಯವನ್ನು ವಿಶೇಷವಾಗಿ ಹೇಳಬೇಕು. ಜನವಸತಿಯ ಕಣಿವೆಗಳಾದ್ದರಿಂದ ಇಲ್ಲಿ ನೀರಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳಿವೆ. ಮೇಲಿನಿಂದ ಬರುವವನಿಗೆ ಬರೀ ಒಂದು ನೇರ ಗೆರೆಯಾಗಿ ಕಾಣುವ ಒಡ್ಡಿನ ಕೆಳಗೆ ನೀರು ಹಿಂದಕ್ಕೆ ಸುತ್ತುತ್ತಾ ದೋಣಿಯನ್ನೂ ಮನುಷ್ಯನನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸಹಜವಾದ ಬಂಡೆಗಳಿಗಿಂತ ಇವುಗಳಿಗೆ ನಾನು ಹೆಚ್ಚು ಅಂಜುತ್ತೇನೆ. ಯಾವ ಭಾಗದಲ್ಲಿ ಎಲ್ಲಿ ಒಡ್ಡಿದೆ ಎಂಬುದನ್ನು ಮಾರ್ಗದರ್ಶಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಹಿಂದಿನ ಸಂಜೆ ಕಾರಿನಲ್ಲಿ ಹೋಗಿ ಕಣ್ಣಾರೆ ನೋಡಿ ಬರುವುದು ವ್ಯರ್ಥವಲ್ಲ.

ಅನುಕೂಲಗಳ ಕಡೆಗೆ ಬಂದರೆ, ಸೋಚಾದಲ್ಲಿರುವಂಥ ದಿನದ ಪರವಾನಗಿಯ ಗೊಡವೆ ಇಲ್ಲಿಲ್ಲ. ದಕ್ಷಿಣದ ಆಲ್ಪ್ಸ್ ಆದ್ದರಿಂದ ಬಿಸಿಲು ಹೆಚ್ಚು, ಒದ್ದೆ ಬಟ್ಟೆ ಒಣಗುತ್ತದೆ. ಒಂದು ವಾರದ ರಜೆಯಲ್ಲಿ ಇದು ಸಣ್ಣ ವಿಷಯವಲ್ಲ. ಆಂಬ್ರನ್ ಕೆಳಗೆ ಸೇರ್ ಪೋನ್ಸೋನ್ ಅಣೆಕಟ್ಟಿನ ವಿಶಾಲ ಸರೋವರವಿದೆ, ನದಿ ಬೇಡವಾದ ದಿನ ಈಜಬಹುದು. ಬರುವುದಕ್ಕೆ ಇಟಲಿಯ ಟೂರಿನ್ ಹತ್ತಿರ: ಮೋನ್‌ಜನೆವ್ರ್ ದಾಟಿ ಎರಡು ಗಂಟೆಯೊಳಗಿನ ದಾರಿ. ಪ್ಯಾರಿಸ್‌ನಿಂದ ರಾತ್ರಿ ರೈಲು ಕೂಡ ಬ್ರಿಯಾನ್ಸೋನ್‌ವರೆಗೆ ಬರುತ್ತದೆ, ಆದರೆ ಅದರಲ್ಲಿ ಕಯಾಕ್ ತರುವ ಕನಸು ಕಾಣಬೇಡಿ.

ಇನ್: ಆಗಸ್ಟ್‌ನ ಆಸರೆ

ಮ್ಯೂನಿಕ್‌ನಲ್ಲಿರುವ ನಮ್ಮಂಥವರಿಗೆ ಇನ್ ಅತ್ಯಂತ ಹತ್ತಿರದ ಗಂಭೀರ ನದಿ. ಫೆರ್ನ್‌ಪಾಸ್ ದಾಟಿ ಇಮ್ಸ್ಟ್ ಸೇರಲು ವಾಹನದಟ್ಟಣೆ ಇಲ್ಲದಿದ್ದರೆ ಎರಡು ಗಂಟೆಯ ಆಸುಪಾಸು. ಶನಿವಾರ ಬೆಳಿಗ್ಗೆ ದಟ್ಟಣೆ ಇಲ್ಲದಿರುವುದಿಲ್ಲ ಎಂಬುದು ಬೇರೆ ಮಾತು.

ಇಮ್ಸ್ಟ್‌ನಿಂದ ಹೈಮಿಂಗ್ ಕಡೆಗಿನ ಕೊರಕಲು ಮೂರನೆಯ ದರ್ಜೆಯದು. ಬಂಡೆಗಳ ನಡುವೆ ಹೆಣೆಯುವ ಕೆಲಸ ಇಲ್ಲಿ ಕಡಿಮೆ. ದೊಡ್ಡ ಅಲೆಗಳು, ಬಲವಾದ ಸುಳಿಗಳು, ದಡದಿಂದ ದೂರ. ಕಾಳಿ ನದಿಯ ದಾಂಡೇಲಿಯಲ್ಲಿ ರಾಫ್ಟ್ ಮಾಡಿದವರಿಗೆ ಅಲೆಯ ಗಾತ್ರ ಪರಿಚಿತ ಎನಿಸಬಹುದು, ಆದರೆ ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನಲ್ಲಿ ಬಿದ್ದು ನಗುತ್ತಾ ಮೇಲೆ ಬಂದ ಹಾಗೆ ಇಲ್ಲಿ ಬರಲಾಗುವುದಿಲ್ಲ. ಹಿಮನದಿ ಅರೆದ ಕಲ್ಲಿನ ಪುಡಿಯಿಂದ ನೀರು ಬೂದು ಬಣ್ಣಕ್ಕಿರುತ್ತದೆ, ಒಳಗಿನ ಬಂಡೆ ಕಾಣುವುದಿಲ್ಲ. ಬಿದ್ದ ಕೆಲವೇ ನಿಮಿಷಗಳಲ್ಲಿ ಕೈ ಹಿಡಿತ ಸಡಿಲವಾಗುತ್ತದೆ. ವೆಟ್‌ಸೂಟ್ ಸಾಲದು, ನೀರು ಒಳಬರದ ಡ್ರೈ ಸೂಟ್ ಬಾಡಿಗೆಗಾದರೂ ತೆಗೆದುಕೊಳ್ಳಿ.

ಇನ್ನಷ್ಟು ಬೇಕೆನ್ನುವವರಿಗೆ ಮೇಲೆ ಟೋಸೆನ್ಸ್ ಕೊರಕಲು, ಲ್ಯಾಂಡೆಕ್ ಬಳಿ ಸೇರುವ ಸಾನಾ ನದಿ ಇವೆ, ಮೂರು-ನಾಲ್ಕು. ಓಟ್ಸ್‌ಟಾಲ್ ನದಿಯನ್ನು ಬೇಸಿಗೆಯಲ್ಲಿ ಸೇತುವೆಯ ಮೇಲೆ ನಿಂತು ನೋಡಿ ಬನ್ನಿ. 2008ರಿಂದ ಎಕ್ಸ್‌ಟ್ರೀಮ್ ಕಯಾಕ್ ವಿಶ್ವ ಚಾಂಪಿಯನ್‌ಶಿಪ್‌ಗೆ ಹೆಸರಾದ ವೆಲ್ಲರ್‌ಬ್ರೂಕೆ ಜಾಗ ಅಲ್ಲಿಯದೇ. ಆ ಸ್ಪರ್ಧೆಯನ್ನು ನೀರು ಇಳಿದ ಅಕ್ಟೋಬರ್‌ನಲ್ಲಿ ಇಟ್ಟುಕೊಳ್ಳುತ್ತಿದ್ದರು ಎಂಬುದೊಂದೇ ಬೇಸಿಗೆಯ ಅದರ ಸ್ಥಿತಿಯನ್ನು ಹೇಳುತ್ತದೆ.

ಗುಂಪಿನ ಲೆಕ್ಕದಲ್ಲಿ ಇನ್‌ನ ಕೊರತೆ ಎಂದರೆ ನಡುವಿನ ತರಗತಿಗೆ ಒಂದೇ ಒಳ್ಳೆಯ ಭಾಗ. ಎರಡು ಬಾರಿ ಅದನ್ನೇ ಇಳಿದ ಮೇಲೆ ಬೇಸರ. ವಾರಾಂತ್ಯಕ್ಕೆ ಸೇರಿಸಿದ ಮೂರು-ನಾಲ್ಕು ದಿನಕ್ಕೆ ಸರಿ, ಇಡೀ ವಾರಕ್ಕೆ ತೆಳು.

ಉಳಿದವು, ಚುಟುಕಾಗಿ

ಇಟಲಿಯ ಮೋಂಟೆ ರೋಸಾದಿಂದ ಇಳಿಯುವ ಸೇಸಿಯಾ ಮತ್ತು ಅದರ ಉಪನದಿಗಳು ಮೇ ತಿಂಗಳಿನ ಸ್ವರ್ಗ, ಆದರೆ ಕಡಿದಾದ ತೊರೆಗಳಲ್ಲಿ ಜಲಪಾತ ಹಾರುವ ಉತ್ಸಾಹ ಇರುವವರಿಗೆ. ಬೆರೆತ ಗುಂಪಿಗೆ ಬೇಡ. ಸ್ವಿಟ್ಜರ್ಲೆಂಡಿನ ಫೋರ್ಡರ್‌ರೈನ್ ನದಿಯಲ್ಲಿ ಇಲಾಂಟ್ಸ್‌ನಿಂದ ರೈಖೆನೌವರೆಗಿನ ಕೊರಕಲು ಸುಮಾರು 9,500 ವರ್ಷಗಳ ಹಿಂದೆ ಕುಸಿದ ಫ್ಲಿಮ್ಸ್ ಬೆಟ್ಟವನ್ನು ಕೊರೆದು ಆದದ್ದು. ಬಿಳಿ ಗೋಡೆಗಳ ನಡುವೆ ಎರಡು-ಮೂರನೆಯ ದರ್ಜೆ. ಪಕ್ಕದಲ್ಲೇ ಕೆಂಪು ರೈಲು ಓಡುವುದರಿಂದ ವಾಹನ ಮರಳಿ ತರುವುದಕ್ಕೂ ಅದೇ ಸಾಕು. ಒಂದು ದಿನಕ್ಕೆ ಇದಕ್ಕಿಂತ ಸುಂದರವಾದದ್ದು ಸಿಗುವುದಿಲ್ಲ, ಒಂದು ವಾರಕ್ಕೆ ಸ್ವಿಟ್ಜರ್ಲೆಂಡಿನ ಖರ್ಚು ಸಮರ್ಥಿಸುವುದು ಕಷ್ಟ. ಆಸ್ಟ್ರಿಯಾದ ಸ್ಟೈರಿಯಾದಲ್ಲಿ ಸಾಲ್ಜಾ ಇದೆ. ವಿಯೆನ್ನಾ ನಗರಕ್ಕೆ 1910ರಿಂದ ಕುಡಿಯುವ ನೀರು ಕೊಡುತ್ತಿರುವ ಬುಗ್ಗೆಗಳು ಇದೇ ಕಣಿವೆಯವು. ನದಿ ತಿಳಿ, ಸ್ವಭಾವ ಸೌಮ್ಯ. ಗುಂಪಿನಲ್ಲಿ ಬಹುಪಾಲು ಜನ ಹೊಸಬರಾದರೆ ಸೋಚಾಕ್ಕಿಂತಲೂ ಇದನ್ನೇ ನಾನು ಸೂಚಿಸುತ್ತೇನೆ.

ಗೆಳೆಯರು, ದೋಣಿಗಳು, ಹೊಟ್ಟೆ

ನೀರಿನ ಮೇಲೆ ನಾಲ್ಕರಿಂದ ಆರು ಜನ ಸರಿ. ಅದಕ್ಕಿಂತ ಹೆಚ್ಚಾದರೆ ಒಡೆಯಿರಿ. ಹತ್ತು ಜನರ ಸಾಲಿನಲ್ಲಿ ಮುಂದಿನವನು ಮಾಡಿದ ಸನ್ನೆ ಹಿಂದಿನವಳಿಗೆ ಕಾಣುವುದಿಲ್ಲ. ಪ್ರತಿಯೊಬ್ಬರ ಬಳಿಯೂ ಎಸೆಯುವ ಹಗ್ಗದ ಚೀಲ ಇರಬೇಕು, ಅದನ್ನು ಎಸೆದು ಅಭ್ಯಾಸವೂ ಇರಬೇಕು. ಗುಂಪಿನಲ್ಲಿ ಆ ನದಿಯನ್ನು ಬಲ್ಲವರು ಒಬ್ಬರೂ ಇಲ್ಲದಿದ್ದರೆ ಮೊದಲ ಎರಡು ದಿನಕ್ಕಾದರೂ ಸ್ಥಳೀಯ ಮಾರ್ಗದರ್ಶಕರನ್ನು ಗೊತ್ತುಮಾಡಿ. ಆರು ಜನರಲ್ಲಿ ಹಂಚಿದರೆ ಆ ಹಣ ದೊಡ್ಡದಲ್ಲ. ಗೆಳೆಯರ ನಡುವೆ ಯಾರಿಗೆ ಇಂದು ಇಳಿಯುವುದು ಬೇಡ ಎಂದು ಹೇಳುವ ಕಹಿ ಕೆಲಸವನ್ನು ಹೊರಗಿನವರು ಮಾಡಿಕೊಡುತ್ತಾರೆ ಎಂಬುದು ಇನ್ನೂ ದೊಡ್ಡ ಲಾಭ.

ದೋಣಿಯನ್ನು ವಿಮಾನದಲ್ಲಿ ಒಯ್ಯುವ ವಿಚಾರ ಬಿಡಿ. ಬೋವೆಟ್ಸ್‌ನಲ್ಲಿ ಕಯಾಕ್, ಹುಟ್ಟು, ಹೆಲ್ಮೆಟ್, ತೇಲುಕವಚ ಎಲ್ಲವೂ ಸುಲಭವಾಗಿ ಬಾಡಿಗೆಗೆ ಸಿಗುತ್ತವೆ, ದ್ಯುರಾನ್ಸ್ ಕಡೆ ಮುಂಚೆಯೇ ಕಾದಿರಿಸುವುದು ಕ್ಷೇಮ. ಹೊಂದಿಕೊಂಡ ಹೆಲ್ಮೆಟ್ ಮತ್ತು ಬೂಟನ್ನು ಮಾತ್ರ ಮನೆಯಿಂದಲೇ ತನ್ನಿ. ಬೆಂಗಳೂರಿನಿಂದ ಬರುವ ಗೆಳೆಯರು ಮಳೆಗಾಲದಲ್ಲಿ ಕೊಡಗಿನ ಬರಪೊಳೆಯಲ್ಲೋ, ಕೇರಳದ ಕೋಡಂಚೇರಿಯ ಕಡೆಯ ಹೊಳೆಗಳಲ್ಲೋ ಕೈ ಪಳಗಿಸಿಕೊಂಡು ಬಂದರೆ ತುಂಬ ವ್ಯತ್ಯಾಸವಾಗುತ್ತದೆ. ಮಲಬಾರ್ ನದಿ ಉತ್ಸವಕ್ಕೆ ಹೊರದೇಶದ ಕಯಾಕಿಗರೂ ಬರುವ ನೀರು ಅದು. ಕೊರತೆ ಚಳಿಯದು ಮಾತ್ರ. ಅದನ್ನು ಇಲ್ಲೇ ಅನುಭವಿಸಬೇಕು.

ಷೆಂಗೆನ್ ವೀಸಾ ಮೂರೂ ದೇಶಗಳಿಗೆ ಒಂದೇ, ಆದರೆ ಹೆಚ್ಚು ರಾತ್ರಿ ತಂಗುವ ದೇಶಕ್ಕೇ ಅರ್ಜಿ ಹಾಕಬೇಕು. ಪ್ರವಾಸದ ಆರು ತಿಂಗಳ ಮುಂಚಿನಿಂದ ಅರ್ಜಿ ಸ್ವೀಕರಿಸುತ್ತಾರೆ, ಜೂನ್ ರಜೆಯವರು ಫೆಬ್ರುವರಿ, ಮಾರ್ಚ್‌ನಲ್ಲೇ ಮುಗಿಸಿಕೊಳ್ಳಲಿ. ವೀಸಾಕ್ಕೆ ಕೇಳುವ 30,000 ಯೂರೊ ವಿಮೆಯ ಸಣ್ಣ ಅಕ್ಷರಗಳನ್ನು ಓದಿ. ವೈಟ್‌ವಾಟರ್ ಕಯಾಕಿಂಗ್ ಅನ್ನು ಅಪಾಯಕಾರಿ ಕ್ರೀಡೆ ಎಂದು ಹೊರಗಿಟ್ಟ ಪಾಲಿಸಿಗಳೇ ಹೆಚ್ಚು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಲ್ಲಿ ಪರ್ವತ ರಕ್ಷಣೆಯ ಹೆಲಿಕಾಪ್ಟರ್ ಬಂದರೆ ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ. ತುರ್ತು ಸಂಖ್ಯೆ ಎಲ್ಲೆಡೆ 112. ಕೊರಕಲುಗಳ ಒಳಗೆ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂಬ ಭರವಸೆ ಬೇಡ. ಆಸ್ಟ್ರಿಯಾ, ಸ್ಲೊವೇನಿಯಾ, ಸ್ವಿಟ್ಜರ್ಲೆಂಡ್ ಹೆದ್ದಾರಿಗಳಿಗೆ ವಿನ್ಯೆಟ್, ಅಂದರೆ ಮುಂಗಡ ರಸ್ತೆ ಶುಲ್ಕದ ಚೀಟಿ, ಕೊಂಡಿರಬೇಕು. ಇಟಲಿ, ಫ್ರಾನ್ಸಿನಲ್ಲಿ ಟೋಲ್ ಕಟ್ಟುತ್ತಾ ಹೋಗುವುದು.

ಸಸ್ಯಾಹಾರಿಗಳಿಗೆ ಮೂರೂ ಕಡೆ ಬದುಕು ನಡೆಯುತ್ತದೆ, ಚೀಸ್ ಮತ್ತು ಆಲೂಗೆಡ್ಡೆಯ ಮೇಲೆ. ಸೋಚಾ ಕಡೆ ಚೀಸ್-ಆಲೂಗೆಡ್ಡೆ ಸೇರಿಸಿ ಹುರಿದ ಫ್ರಿಕಾ, ಬ್ರಿಯಾನ್ಸೋನ್ ಸುತ್ತ ಆಲೂಗೆಡ್ಡೆ ತುಂಬಿ ಕರಿದ ತೂರ್ತೋನ್, ಟಿರೋಲ್‌ನಲ್ಲಿ ಬೇಯಿಸಿದ ಹಿಟ್ಟಿನ ತುಣುಕುಗಳಿಗೆ ಚೀಸ್ ಬೆರೆಸಿದ ಕೇಸೆಸ್ಪೆಟ್ಸ್ಲೆ. ಮೂರನೆಯ ದಿನಕ್ಕೆ ಯಾರಾದರೂ ಅನ್ನ ಸಾರು ಕೇಳಿಯೇ ಕೇಳುತ್ತಾರೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಸಾರಿನ ಪುಡಿ ಮತ್ತು ಅವಲಕ್ಕಿ ಒಯ್ದರೆ ಆ ಪ್ರಶ್ನೆ ಬಗೆಹರಿಯುತ್ತದೆ. ಬೆಳಿಗ್ಗೆ ಬೇಗ ಹೊರಡುವುದಕ್ಕೂ ಅವಲಕ್ಕಿಯಷ್ಟು ಒದಗುವುದು ಬೇರೆ ಇಲ್ಲ.

ಮಳೆ ಸುರಿದರೆ

ಎಲ್ಲ ಲೆಕ್ಕ ಹಾಕಿ ಹೋದರೂ ಒಂದು ರಾತ್ರಿಯ ಗುಡುಗು ಮಳೆ ನದಿಯನ್ನು ಕಂದು ಬಣ್ಣಕ್ಕೆ ತಿರುಗಿಸಿ ಮರದ ದಿಮ್ಮಿಗಳನ್ನು ಹೊತ್ತು ತರಬಹುದು. ಆದ್ದರಿಂದ ನೆಲೆಯನ್ನು ಆರಿಸುವಾಗ ಪಕ್ಕದ ಕಣಿವೆಯಲ್ಲಿ ಏನಿದೆ ಎಂಬುದನ್ನೂ ನೋಡಿ. ಬ್ರಿಯಾನ್ಸೋನ್ ಇಲ್ಲಿ ಗೆಲ್ಲುತ್ತದೆ: ಒಂದು ನದಿ ಉಕ್ಕಿದರೆ ಬೇರೆ ಜಲಾನಯನದ ಇನ್ನೊಂದಕ್ಕೆ ಹೋಗಲು ಒಂದು ಕಣಿವೆದಾರಿ ದಾಟಿದರಾಯಿತು. ಬೋವೆಟ್ಸ್‌ನಿಂದ ಪ್ರೆದಿಲ್ ಮೂಲಕ ಆಸ್ಟ್ರಿಯಾದ ಕಾರಿಂಥಿಯಾಕ್ಕೆ, ಗೈಲ್ ನದಿಯ ಕಡೆಗೆ ಹೋಗಬಹುದು, ದಾರಿ ಸ್ವಲ್ಪ ಉದ್ದ. ಇಮ್ಸ್ಟ್‌ನಲ್ಲಿ ಇನ್ ಉಕ್ಕಿತೆಂದರೆ ಸುತ್ತಲಿನ ತೊರೆಗಳೂ ಉಕ್ಕಿರುತ್ತವೆ. ಆ ದಿನ ರೈಲು ಹತ್ತಿ ಇನ್ಸ್‌ಬ್ರುಕ್ ನೋಡಿ ಬನ್ನಿ, ಮಾರನೆಯ ದಿನ ಅಳತೆ ಇಳಿಯತೊಡಗಿದ ಮೇಲೆ ದೋಣಿ ಇಳಿಸಿ.